ನಲ್ಲಗುಂಟೆಯಲ್ಲಿ ಮೀಟರ್ ಓದುವುದು

ಆನೇಕಲ್ ದಾಟಿ ಎಡಕ್ಕೆ ಹೊರಳಿದರೆ ನಲ್ಲಗುಂಟೆ.
ಬೆಂಗಳೂರಿಗೆ ಸೇರಿದ್ದೋ ಇಲ್ಲವೋ
ಊರಿಗೇ ಗೊತ್ತಿಲ್ಲ, ಬಿಲ್ಲು ಮಾತ್ರ ಬೆಂಗಳೂರಿನದು.
ತಿಂಗಳ ಮೊದಲ ವಾರ ಹೆಗಲಿಗೆ ಮಿಷನ್ನು ತಗುಲಿಸಿ
ಪೇಟೆ ಬೀದಿ, ದೇವಾಂಗರ ಬೀದಿ, ಕೋಟೆ ಹಿಂದಲ ಗಲ್ಲಿ
ಸುತ್ತುತ್ತೇನೆ, ಹನ್ನೊಂದು ವರ್ಷದಿಂದ.
ಬದುಕಿದವರ ಯೂನಿಟ್ಟು ಬರೆಯುವವನಿಗೆ
ಸತ್ತವರ ಲೆಕ್ಕವನ್ನೂ ಯಾರಾದರೂ ಒಪ್ಪಿಸುತ್ತಾರೆ
ಮಜ್ಜಿಗೆ ಕೊಡುವಾಗ.

ಬುರುಜಿನ ಹತ್ತಿರ ರಾತ್ರಿ ಸರಪಳಿ ಎಳೆಯುವ ಸದ್ದು.
ದೆವ್ವ ಅಂದಮೇಲೆ ಎಲ್ಲ ಊರಲ್ಲೂ ಎಳೆಯುತ್ತದೆ.
ಇಲ್ಲಿಯದು ಅಳತೆ ಸರಪಳಿ,
ಮೂವತ್ತಮೂರು ಅಡಿ, ಕೊಂಡಿ ಒಂದೂ ಹೆಚ್ಚಿಲ್ಲ.
ಸರ್ವೆ ಕಾಲದಲ್ಲಿ ಶ್ಯಾನುಭೋಗ ಅನಂತಪ್ಪಯ್ಯ
ಗಂಡ ಸತ್ತವಳ ಹೊಲದಲ್ಲಿ ಅರ್ಧ ಗುಂಟೆ ನುಂಗಿದನಂತೆ.
ತಾಳೆಯಾಗುವ ತನಕ ಅಳೆಯುತ್ತಿರಬೇಕು.
ಈಗ ಸೈಟೆಲ್ಲ ಚದರಡಿಯಲ್ಲಿ.
ಕನ್ವರ್ಷನ್ ಆಗದೆ ಪಾಪ,
ಕಾಂಪೌಂಡಿಗೆ ಹಣೆ ಚಚ್ಚಿಕೊಂಡು ನಿಂತಿರುತ್ತಾನೆ
ಅನ್ನುತ್ತಾನೆ ಅಸ್ಸಾಮಿನ ವಾಚ್‌ಮನ್ನು,
ಅವನಿಗೆ ಇದನ್ನೆಲ್ಲ ಯಾರು ಹೇಳಿದರೋ.

ಪಿಳೇಗು ಬಂದ ವರ್ಷ ಊರು ಊರೇ ಹೊರಗೆ ಹೋಗಿ
ಹೊಲದಲ್ಲಿ ಗರಿಯ ಗುಡಿಸಲು ಹಾಕಿತು.
ಚೌಡಮ್ಮ ಹೋಗಲಿಲ್ಲ.
ಮಗ್ಗದ ಮೇಲೆ ಅರ್ಧ ಸೀರೆಯಿತ್ತು.
ಎರಡು ತಿಂಗಳಾದ ಮೇಲೆ ಬಾಗಿಲು ಒಡೆದರೆ
ಸೆರಗೂ ಮುಗಿದಿತ್ತು,
ಆಕೆಯೂ.
ಆ ಮನೆಯ ಲಾಳಿ ಓಡಾಡುವುದನ್ನು
ನಮ್ಮಜ್ಜಿಯ ಕಾಲದವರು ಮಲಗಿ ಕೇಳುತ್ತಿದ್ದರಂತೆ,
ಮಗುವಿಗೆ ಮೊಲೆಯೂಡುತ್ತ, ಹೆದರದೆ.
ಆಮೇಲೆ ಪವರ್‌ಲೂಮು ಬಂತು.
ಬೀದಿಯಿಡೀ ರಾತ್ರಿಯೆಲ್ಲ ಗಡಗಡ ಗಡಗಡ.
ಒಂದು ಕೈಮಗ್ಗದ ದೆವ್ವವನ್ನು ಯಾರು ಕೇಳಬೇಕು?
ಕೂಲಿ ಹೋದದ್ದು ಬದುಕಿದವರದಷ್ಟೇ ಅಲ್ಲ.

ಕೆರೆಯ ಸುದ್ದಿಯನ್ನು ಮಾತ್ರ ಪೇಟೆ ಬೀದಿಯಲ್ಲಿ ಹೇಳುವುದಿಲ್ಲ.
ಅದು ಸಿಕ್ಕಿದ್ದು ಕಾಲೋನಿಯಲ್ಲಿ,
ಒಂದೇ ಬಲ್ಬಿನ ಮನೆಯ ದ್ಯಾವಮ್ಮನ ಬಾಯಲ್ಲಿ:
‘ಏರಿ ಬಿರುಕು ಬಿಟ್ಟ ರಾತ್ರಿ
ತೂಬಿಗೆ ಇಳಿದೋನು ನಮ್ ಮುತ್ತಾತ, ನೀರುಗಂಟಿ ಮಾರಪ್ಪ.
ಬೆನ್ನು ಕೊಟ್ಟು ನಿಂತ.
ಬೆಳಗ್ಗೆ ಮಣ್ಣು ತಂದ್ರು.
ಅವನು ಮ್ಯಾಕ್ಕೆ ಬರೋಗಂಟ ಕಾಯಲಿಲ್ಲ ಕಣಪ್ಪ,
ಅವನ ಮ್ಯಾಲೇ ಸುರುದ್ರು.’

ಏರಿಯ ಕಲ್ಲಿನಲ್ಲಿ ಪಟೇಲರ ಹೆಸರಿದೆ.
ಕಲ್ಲು ಕೊರೆದ ಆಚಾರಿಯದೂ ಇದೆ, ಮೂಲೆಯಲ್ಲಿ, ಸಣ್ಣಗೆ.
ಮಾರಪ್ಪನ ಹೆಸರು ಉಳಿದದ್ದು ಬೇರೆ ಕಡೆ:
‘ಮಲಕ್ಕೊ, ಮಾರಪ್ಪ ಬತ್ತಾನೆ’,
ಪಟೇಲರ ಮರಿಮಕ್ಕಳೂ
ಅವನ ಹೆಸರಿಗೇ ಕಣ್ಣು ಮುಚ್ಚಿದವರು.

ಕೆರೆಯಂಗಳದಲ್ಲೀಗ ಲೇಕ್‌ವ್ಯೂ ಬಡಾವಣೆ.
ವ್ಯೂ ಇದೆ.
ಹೋದ ವರ್ಷ ಚಿತ್ತೆ ಮಳೆ ಮೂರು ದಿನ ಹಿಡಿದು
ನೆಲಮಾಳಿಗೆಯಲ್ಲಿ ಕಾರು ತೇಲಿದವು.
ನೀರಿಳಿದ ಮೇಲೆ ಮೀಟರ್ ನೋಡಲು ಹೋದೆ:
ಗಾಜಿನೊಳಗೆ ಕೆಸರು, ಅಂಕಿಗಳಿಗೆ ಅಂಟಿಕೊಂಡು
ಉಗುರಿನಷ್ಟು ಒಂದು ಸಸಿಮೀನು.
ಸೂಪರ್‌ವೈಸರು ರಾಜಕಾಲುವೆ ಅಂದ, ಒತ್ತುವರಿ ಅಂದ,
ಎಲ್ಲವೂ ನಿಜವೇ.
ದ್ಯಾವಮ್ಮ ಎಲೆ ಮಡಿಸುತ್ತ ಅಂದದ್ದು ಇಷ್ಟೆ:
‘ಎಷ್ಟು ದಿನಾಂತ ಹೊರ್ತಾನೆ?
ಬೆನ್ನು ತೆಗ್ದವ್ನೆ.’

ನನಗೆ ನಂಬಿಕೆ ಗಿಂಬಿಕೆ ಇಲ್ಲ.
ಡಿಪ್ಲೊಮಾ ಓದಿದವನು.
ಆದರೆ ಚೌಡಮ್ಮನ ಮನೆಯ ಮೀಟರು
ತಿಂಗಳಿಗೆ ಒಂದು ಯೂನಿಟ್ಟು ಓಡುತ್ತದೆ.
ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.
ಎಳೆ ಕಡಿದಾಗ ಹುಡುಕುವುದಕ್ಕೆ
ಒಂದು ಸಣ್ಣ ಬಲ್ಬಿಗೆ ಸಾಕಾಗುವಷ್ಟು.
ಬೀಗಕ್ಕೆ ತುಕ್ಕು ಹಿಡಿದು ಅದೇ ಬಾಗಿಲಾಗಿದೆ.
ಬಿಲ್ಲನ್ನು ಸಂದಿಯಲ್ಲಿ ತುರುಕಿ ಬರುತ್ತೇನೆ.
ಮುಂದಿನ ತಿಂಗಳು ಅದು ಅಲ್ಲಿರುವುದಿಲ್ಲ.
ಇಲಿ ಎಳೆದಿರಬಹುದು,
ಆ ಮನೆಗೆ ಇಲಿ ಹೊಸದೇನಲ್ಲ.

ಷರಾ ಕಾಲಂನಲ್ಲಿ ‘ಬಾಗಿಲು ಹಾಕಿದೆ’ ಎಂದು ಒತ್ತುತ್ತೇನೆ.
ಬಳಕೆ: ಒಂದು.
ಮಿಷನ್ನು ಒಂದು ಕ್ಷಣ ತಡೆದು
ಬೆಚ್ಚಗಿನ ಚೀಟಿ ಉಗುಳುತ್ತದೆ.